ಅಟ್ಟದಲ್ಲಿ ಹಳೇ ಎಕ್ಸ್-ವಿಂಗ್ ಆಟಿಕೆ ಸಿಕ್ಕಿದೆ, ಹಳದಿಯಾಗಿದೆ, ಬ್ಯಾಟರಿ ಸೋರಿದೆ, ಏನು ಮಾಡ್ಲಿ?

ತೋಟದ ಹುಡುಗ, ಸೋಮವಾರಪೇಟೆ
ಅಜ್ಜನ ಮನೆಯ ಹೆಂಚು ಬದಲಿಸುವಾಗ ಅಟ್ಟದಲ್ಲಿ ಒಂದು ಟ್ರಂಕ್ ಸಿಕ್ಕಿತು. ದುಬೈಯಲ್ಲಿದ್ದ ಮಾವ 80ರ ದಶಕದಲ್ಲಿ ರಜೆಗೆ ಬಂದಾಗ ತಂದ ಆಟಿಕೆಗಳಂತೆ. ಅದರೊಳಗೆ ಸ್ಟಾರ್ ವಾರ್ಸ್ ಸಿನಿಮಾದ ಎಕ್ಸ್-ವಿಂಗ್ ಯುದ್ಧನೌಕೆ ಇದೆ, ಮೇಲೆ ಕೆನ್ನರ್ ಅಂತ ಆಟಿಕೆ ಕಂಪನಿಯ ಹೆಸರು, 1978 ಅಂತ ಇಸವಿ. ಬಿಳಿ ಇದ್ದದ್ದು ಈಗ ಬೆಣ್ಣೆ ಬಣ್ಣಕ್ಕೆ ತಿರುಗಿದೆ. ಬ್ಯಾಟರಿ ಗೂಡಿನ ತುಂಬ ಪುಡಿ ಪುಡಿ. ತೊಳೆದು ಬಿಸಿಲಿಗಿಡಲಾ? ಅಮ್ಮ ಕಾಚಂಪುಳಿ ಹಾಕಿ ಉಜ್ಜು, ತುಕ್ಕು ಹೋಗುತ್ತೆ ಅಂತಿದ್ದಾರೆ!

ಹಳೇ ಪ್ಲಾಸ್ಟಿಕ್, ಮಡಿಕೇರಿ
ಕಾಚಂಪುಳಿ ಪಂದಿಕರಿಗೆ ಇರಲಿ ಮಾರಾಯ. ಅಷ್ಟು ಕಪ್ಪು ಹುಳಿ ತಾಗಿದರೆ ಹಳದಿ ಪ್ಲಾಸ್ಟಿಕ್ ಮೇಲೆ ಕಲೆ ಆಗುತ್ತೆ.

ಮೊದಲು ಸೋರಿದ್ದು ಯಾವ ಬ್ಯಾಟರಿ ಅಂತ ನೋಡಿ. ಆಲ್ಕಲೈನ್ ಆದರೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಕಡ್ಡಿ. ಆಗ ಜಾಸ್ತಿ ಓಡುತ್ತಿದ್ದ ಮಾಮೂಲಿ ಜಿಂಕ್ ಬ್ಯಾಟರಿ ಆದರೆ ಸೋರಿದ್ದೇ ಹುಳಿ, ಅದಕ್ಕೆ ಮತ್ತೆ ಹುಳಿ ಹಾಕಬೇಡಿ, ಅಡುಗೆ ಸೋಡಾ ನೀರಲ್ಲಿ ಒರೆಸಿ. ಗ್ಲೌಸ್ ಹಾಕ್ಕೊಳ್ಳಿ, ಪೂರ್ತಿ ನೀರಲ್ಲಿ ಮುಳುಗಿಸಬೇಡಿ. ಒಳಗೆ ಲೈಟು, ಸದ್ದಿನ ವೈರ್ ಇದೆ, ಸ್ಟಿಕ್ಕರ್‌ಗಳೂ ಎದ್ದು ಬರುತ್ತವೆ.

ಆಮೇಲೆ ರೆಕ್ಕೆ ತುದಿಯ ನಾಲ್ಕು ಗನ್, ಮುಂದಿನ ಕಾಲು, ಪಾರದರ್ಶಕ ಮುಚ್ಚಳ ಇವೆಯಾ ನೋಡಿ, ಕಳೆದುಹೋಗೋದು ಇವೇ. ಹಿಂದಿನ ಆರ್2-ಡಿ2 ರೋಬೋಟಿನ ತಲೆ ಒತ್ತಿದರೆ ರೆಕ್ಕೆ ಎಕ್ಸ್ ಆಗಿ ಬಿಚ್ಚಿಕೊಳ್ಳಬೇಕು, ಮೆತ್ತಗೆ ಒತ್ತಿ. ಇನ್ನೊಂದು, 1978 ಅಂತ ಇದ್ದ ಮಾತ್ರಕ್ಕೆ ಅದೇ ವರ್ಷ ತಯಾರಾದದ್ದು ಅಂತಲ್ಲ, ಅದು ಕಾಪಿರೈಟ್ ಹಕ್ಕಿನ ಇಸವಿ. ಅದೇ ಅಚ್ಚಿನಿಂದ ಆಮೇಲೂ ಮಾಡಿದ್ದಾರೆ.

ಜೋ ಪ್ರೇಮಿ
ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಹಳದಿ ಹೋಗುತ್ತೆ ಅಲ್ವಾ? ನಾನು ಒಂದು ಜೀಪಿಗೆ ಮಾಡಿದ್ದೇನೆ. ಫನ್‌ಸ್ಕೂಲ್‌ನವರ ಜಿ.ಐ. ಜೋ ಅನ್ನೋ ಸೈನಿಕ ಗೊಂಬೆಗಳ ಸಾಲಿನ ಆಟಿಕೆ ಅದು, ನಮ್ಮ ಕಾಲಕ್ಕೆ ಸುಲಭವಾಗಿ ಸಿಗುತ್ತಿದ್ದದ್ದು ಅದೇ.

ಹಳೇ ಪ್ಲಾಸ್ಟಿಕ್, ಮಡಿಕೇರಿ
ಹೋಗುತ್ತೆ, ಆದರೆ ಎಷ್ಟೋ ಸಲ ವಾಪಸ್ ಬರುತ್ತೆ. ಅಲ್ಲಲ್ಲಿ ಪಟ್ಟೆ ಪಟ್ಟೆ ಆಗುವುದೂ ಉಂಟು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನಂಬೋ ಹಾಗೇ ಇಲ್ಲ. ಅರ್ಧ ದಿನ ಬಿಸಿಲು, ಅರ್ಧ ದಿನ ಮಳೆ ಆದರೆ ಪಟ್ಟೆ ಗ್ಯಾರಂಟಿ. ನಾನಾದರೆ ಹಳದಿಯನ್ನು ಹಾಗೇ ಬಿಡುತ್ತೇನೆ.

ವಿರಾಜಪೇಟೆ ಅಕ್ಕ
ನನಗೆ ಹಳದಿಗಿಂತ ಬೂಷ್ಟಿನ ಚಿಂತೆ. ಮಳೆಗಾಲದಲ್ಲಿ ನಮ್ಮ ಬೀರುವಿನಲ್ಲಿ ಚಪ್ಪಲಿಗೂ ಬೂಷ್ಟು, ಇನ್ನು ಪೇಪರ್ ಸ್ಟಿಕ್ಕರ್ ಬಿಡುತ್ತಾ? ಮುಚ್ಚಳ ಬಿಗಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಬೇಡ, ಬಿಸಿಗೆ ರೆಕ್ಕೆ ಬಾಗುತ್ತದೆ.

ಜೋ ಪ್ರೇಮಿ
ನನ್ನ ಜೋ ಗೊಂಬೆಯನ್ನು ಆ ಎಕ್ಸ್-ವಿಂಗ್ ಒಳಗೆ ಕೂರಿಸಬಹುದಾ? ಜೋ ಗೊಂಬೆ, ಸ್ಟಾರ್ ವಾರ್ಸ್ ಗೊಂಬೆ ಎರಡೂ ಹೆಚ್ಚುಕಡಿಮೆ 3¾ ಇಂಚು.

ಹಳೇ ಪ್ಲಾಸ್ಟಿಕ್, ಮಡಿಕೇರಿ
ಒತ್ತಿ ತುರುಕಬೇಡಿ. ಆ ಕಾಲದ ಸ್ಟಾರ್ ವಾರ್ಸ್ ಗೊಂಬೆಗಳಿಗೆ ಮಂಡಿಯೇ ಮಡಚುತ್ತಿರಲಿಲ್ಲ, ಕಾಲು ನೀಟಿ ಕೂರೋ ಹಾಗೆ ಸೀಟು ಮಾಡಿದ್ದಾರೆ. ಗೊಂಬೆ ಇಷ್ಟು ಚಿಕ್ಕದಾದದ್ದೂ ವಾಹನಗಳಿಗೋಸ್ಕರವೇ. 12 ಇಂಚಿನ ಗೊಂಬೆಗೆ ತಕ್ಕ ಫಾಲ್ಕನ್ (ಅದೇ ಸಿನಿಮಾದ ಇನ್ನೊಂದು ದೊಡ್ಡ ನೌಕೆ) ಮಾಡಿದ್ದರೆ ನಮ್ಮ ಮನೆ ಬಾಗಿಲಲ್ಲಿ ನುಗ್ಗುತ್ತಿರಲಿಲ್ಲ.

ತೋಟದ ಹುಡುಗ, ಸೋಮವಾರಪೇಟೆ
ಸೋಡಾ ನೀರು ಕೆಲಸ ಮಾಡಿತು. ಗನ್ ಮೂರೇ ಇವೆ, ಮುಚ್ಚಳ ಇದೆ, ಆರ್2 ತಲೆ ಒತ್ತಿದೆ, ರೆಕ್ಕೆ ಟಕ್ ಅಂತ ಬಿಚ್ಚಿತು. ಲೈಟ್ ಉರಿಯಲಿಲ್ಲ. ಮಾವನಿಗೆ ಫೋಟೋ ಕಳಿಸಿದೆ. ನಾಲ್ಕನೇ ಗನ್ ತಾನೇ ಮುರಿದು ಅಂಗಳದ ಕಾಫಿ ರಾಶಿಯಲ್ಲಿ ಹುಗಿದಿದ್ದನಂತೆ, ಅಜ್ಜ ಬೈತಾರೆ ಅಂತ.