ಸಹಾಯ ಬೇಕು: ಕೂಂಬ್ ಜಂಕ್ಷನ್ ಮಾದರಿ, ಏರು ಮತ್ತು ಪಾಯಿಂಟ್ ವೈರಿಂಗ್

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲೂ ಬ್ರಾಂಚ್ ಲೈನಿನ ಕೂಂಬ್ ಜಂಕ್ಷನ್ನನ್ನು ಓಓ ಸ್ಕೇಲಿನ ಮಾದರಿ ರೈಲಾಗಿ ಕಟ್ಟುತ್ತಿದ್ದೇವೆ. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿ.ಮೀ., ಗೇಜ್ (ಹಳಿಗಳ ನಡುವಿನ ಅಂತರ) 16.5 ಮಿ.ಮೀ. ಲಿಸ್ಕರ್ಡ್‌ನಿಂದ ಇಳಿದು ಬಂದ ರೈಲು ಇಲ್ಲಿ ನಿಲ್ಲುತ್ತದೆ, ಚಾಲಕ ಇನ್ನೊಂದು ತುದಿಗೆ ಹೋಗುತ್ತಾನೆ, ಗಾರ್ಡ್ ಕೆಳಗಿಳಿದು ಲಿವರ್ ಎಳೆದು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬದಲಿಸುತ್ತಾನೆ, ಆಮೇಲೆ ಲೂ ಕಡೆ ಪಯಣ. ಪುಟ್ಟ ಪ್ಲಾಟ್‌ಫಾರ್ಮ್ ಸ್ವಲ್ಪ ಆಚೆಗಿದೆ. ಬಹುಪಾಲು ರೈಲುಗಳು ಅಲ್ಲಿವರೆಗೆ ಹೋಗುವುದೇ ಇಲ್ಲ. (ಈ ಲೈನಿನ ಸೊಗಸೇ ಅದು.)

1901ರಲ್ಲಿ ಹಾಕಿದ ಲಿಸ್ಕರ್ಡ್ ಕೊಂಡಿಯಲ್ಲಿ 40ಕ್ಕೆ 1ರ ಏರು (40 ಅಡಿ ಸಾಗಿದರೆ 1 ಅಡಿ ಎತ್ತರ), 8 ಚೈನ್ ತ್ರಿಜ್ಯದ ತಿರುವು. 8 ಚೈನ್ ಅಂದರೆ 528 ಅಡಿ, ಮಾದರಿಯಲ್ಲಿ 2112 ಮಿ.ಮೀ. ತ್ರಿಜ್ಯ. ಅಷ್ಟು ಜಾಗ ಇಲ್ಲ, 610ಕ್ಕೆ ಇಳಿಸಿದ್ದೇವೆ. 1200 ಮಿ.ಮೀ. ಉದ್ದದಲ್ಲಿ 30 ಮಿ.ಮೀ. ಏರಿಸಿದರೆ ಲೆಕ್ಕ ಸರಿ, ಆದರೆ ತಿರುವಿನ ಘರ್ಷಣೆ ಸೇರಿ ಎರಡು ಬೋಗಿಗೇ ಎಂಜಿನ್ ಚಕ್ರ ಜಾರುತ್ತಿದೆ. ಏರು ಶುರುವಾಗುವ ಕಡೆ ಮಡಿಕೆ ಬಿದ್ದು ಕಪ್ಲಿಂಗ್ ಕಳಚುತ್ತದೆ. ಎಂಜಿನ್ನಿಗೆ ಸೀಸದ ತೂಕ ಸೇರಿಸುವುದೋ, 60ಕ್ಕೆ 1 ಮಾಡುವುದೋ?

ಇನ್ನೊಂದು: ರೈಲು ಸುತ್ತು ಹಾಕಿ ಅದೇ ಹಳಿಗೆ ತಿರುಗಿ ಬರುವ ಲೂಪ್ ಇಲ್ಲಿಲ್ಲ, ಹಾಗಾಗಿ ಹಳಿಗಳ ಪೊಲಾರಿಟಿ (ಪ್ಲಸ್-ಮೈನಸ್) ಅಡ್ಡಬೀಳುವುದಿಲ್ಲ. ತೊಂದರೆ ಇರುವುದು ಪಾಯಿಂಟಿನ ಲೋಹದ ಫ್ರಾಗ್‌ನಲ್ಲಿ, ಅಂದರೆ ಎರಡು ಹಳಿ ಒಂದನ್ನೊಂದು ದಾಟುವ ತುಂಡಿನಲ್ಲಿ. ಈಗ ಅದಕ್ಕೆ ಕರೆಂಟ್ ಬರುವುದು ಬ್ಲೇಡಿನ (ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಹಳಿ) ತುದಿ ಪಕ್ಕದ ಹಳಿಗೆ ತಾಗಿದರೆ ಮಾತ್ರ. ಅಲ್ಲಿ ಧೂಳು ಕೂತರೆ ಪುಟ್ಟ ಟ್ಯಾಂಕ್ ಎಂಜಿನ್ ಸತ್ತಂತೆ ನಿಲ್ಲುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಮೂರು ಕಾಲಿನ ಮೈಕ್ರೋಸ್ವಿಚ್ಚನ್ನು, ಫ್ರಾಗ್‌ಗೆ ನೇರ ಕರೆಂಟ್ ಕೊಡಲು, ಕೈ ಲಿವರ್‌ಗೆ ಜೋಡಿಸಿದವರಿದ್ದರೆ, ಲಿವರ್‌ನಿಂದ ಬ್ಲೇಡಿಗೆ ಹೋಗುವ ಕಡ್ಡಿಯ ಚಲನೆ ಎಷ್ಟು ಮಿ.ಮೀ. ಇಟ್ಟಿರಿ, ಫೋಟೋ ಸಮೇತ ತಿಳಿಸಿ.