ಮೈಸೂರಿನಲ್ಲಿ ಸ್ವಂತ ಕನ್ನಡ ಹಾಡುಗಳ ಶೋ ಮಾಡಬೇಕು. ಟಿಕೆಟ್ ಇಡೋಣವಾ, ಫ್ರೀ ಬಿಡೋಣವಾ?

ಕುವೆಂಪುನಗರ ಬೇಸ್:

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಮೈಸೂರಿನಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಗಿಟಾರ್, ಬೇಸ್, ಡ್ರಮ್ಸ್, ಹಾಡುವುದಕ್ಕೆ ನನ್ನ ತಂಗಿ. ಹಾಡುಗಳೆಲ್ಲ ಕನ್ನಡದವು, ಬಹುಪಾಲು ನಾವೇ ಬರೆದವು. ಜೊತೆಗೆ ಷರೀಫರ ತತ್ವಪದಗಳು, ಬೇಂದ್ರೆಯವರ ಒಂದು ಕವಿತೆ ಇವೆ.

ಊರಿನಲ್ಲಿ ನುಡಿಸುವುದಕ್ಕೆ ಜಾಗವೇ ಸಿಗುತ್ತಿಲ್ಲ. ಕೆಫೆಗೆ ಹೋಗಿ ಕೇಳಿದರೆ "ಸಿನಿಮಾ ಹಾಡು ಬರುತ್ತಾ?" ಅನ್ನುತ್ತಾರೆ. ಮದುವೆ ರಿಸೆಪ್ಷನ್‌ಗೆ ಕರೆಯುತ್ತಾರೆ, ದುಡ್ಡೂ ಕೊಡುತ್ತಾರೆ, ಆದರೆ ಅಲ್ಲಿ ನಮ್ಮ ಹಾಡು ಯಾರಿಗೂ ಬೇಡ. ದಸರಾ ಬಂದರೆ ಯುವ ದಸರಾ ಇದೆ, ದೊಡ್ಡ ವೇದಿಕೆ, ಹೆಸರಾದ ಸಿನಿಮಾ ಗಾಯಕರು. ಉಳಿದ ತಿಂಗಳುಗಳಲ್ಲಿ ಏನು ಮಾಡೋದು?

ಅದಕ್ಕೇ ನಾವೇ ಒಂದು ಸಂಜೆ ಇಟ್ಟುಕೊಳ್ಳೋಣ ಅಂತ ಇದ್ದೇವೆ. ಇನ್ನೆರಡು ತಂಡಗಳೂ ಬರುತ್ತೇವೆ ಅಂದಿವೆ. ನೂರು ಜನ ಕೂರುವ ಜಾಗ ಸಾಕು. ಆದರೆ ನಮ್ಮಲ್ಲೇ ಜಗಳ ಶುರುವಾಗಿದೆ. ಫ್ರೀ ಬಿಟ್ಟರೆ ಜಾಸ್ತಿ ಜನ ಬರುತ್ತಾರೆ ಅನ್ನುವುದು ಡ್ರಮ್ಮರ್ ವಾದ. ನನಗೆ ಟಿಕೆಟ್ ಇಡಬೇಕು ಅಂತ ಆಸೆ, ಯಾರೂ ಬರದಿದ್ದರೆ ಅಂತ ಭಯ. ಪರ್ಮಿಷನ್, ಸೌಂಡ್ ಬಗ್ಗೆಯೂ ಗೊತ್ತಿರುವವರು ಹೇಳಿ.

ಬಸವನಗುಡಿ ಕೇಳುಗ:

ಟಿಕೆಟ್ ಇಡಿ. ಕಮ್ಮಿ ಇಡಿ, ಆದರೆ ಇಡಿ.

ನಾನು 1990ರ ದಶಕದಿಂದ ಬೆಂಗಳೂರಿನಲ್ಲಿ ಬ್ಯಾಂಡ್‌ಗಳನ್ನು ಕೇಳುತ್ತಾ ಬಂದವನು. ಆಗಲೇ ಫ್ರೀಡಂ ಜಾಮ್ ಶುರುವಾಗಿದ್ದು. ಆಗಸ್ಟ್ 15ರ ಆಸುಪಾಸಿನಲ್ಲಿ, ಎಂಟ್ರಿ ಫ್ರೀ, ಒಂದರ ಹಿಂದೆ ಒಂದು ಬ್ಯಾಂಡ್. ಹೆಸರೇ ಕೇಳಿರದ ಕಾಲೇಜು ಹುಡುಗರಿಗೂ ವೇದಿಕೆ ಸಿಗುತ್ತಿತ್ತು. ಅದರ ಋಣ ಈ ಊರಿನ ಸಂಗೀತದ ಮೇಲೆ ಇದ್ದೇ ಇದೆ. ಆದರೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಹಬ್ಬದ ಊಟ ಬಿಟ್ಟಿ ಹಾಕಬಹುದು, ದಿನಾ ಅಡುಗೆ ಮಾಡುವವನಿಗೆ ದಿನಸಿಗೆ ದುಡ್ಡು ಬೇಕಲ್ವಾ?

ಬೆಂಗಳೂರಿನಲ್ಲಿ ಆ ದುಡ್ಡನ್ನು ಜಾಸ್ತಿ ಕೊಟ್ಟಿದ್ದು ಪಬ್‌ಗಳು. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಹುಟ್ಟಿದ ಬ್ಯಾಂಡ್, ಮೆಟಲ್ ನುಡಿಸುವ ಕ್ರಿಪ್ಟೋಸ್ 1998ರದು. ಅಂಥ ತಂಡಗಳ ಹಿಂದೆ ಬಂದ ಎಷ್ಟೋ ಹುಡುಗರು ಪಬ್‌ಗಳಲ್ಲೇ ನುಡಿಸಿ ಬೆಳೆದರು. ಇಂದಿರಾನಗರದ ಹಮ್ಮಿಂಗ್ ಟ್ರೀಗೆ ಜನ ಬ್ಯಾಂಡ್ ನೋಡುವುದಕ್ಕೆ ಅಂತಲೇ ಬರುತ್ತಿದ್ದರು. ಅದು 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿತು. ಅದಕ್ಕಿಂತ ಸ್ವಲ್ಪ ಮುಂಚೆ, 2018ರಲ್ಲಿ, ಸಾರ್ವಜನಿಕ ಮನರಂಜನೆಯ ಲೈಸೆನ್ಸ್ ಕಡ್ಡಾಯ ಮಾಡಿದ್ದ 2005ರ ಬೆಂಗಳೂರು ಪೊಲೀಸ್ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಲೈಸೆನ್ಸ್ ಇಲ್ಲದ ಎಷ್ಟೋ ಪಬ್‌ಗಳಲ್ಲಿ ಲೈವ್ ಸಂಗೀತ ನಿಂತೇ ಹೋಯಿತು. ವಾರಕ್ಕೆ ಎರಡು ಮೂರು ಕಡೆ ನುಡಿಸುತ್ತಿದ್ದ ಹುಡುಗರು ಕೈಕಟ್ಟಿ ಕೂತಿದ್ದನ್ನು ನೋಡಿದ್ದೇನೆ. ಬಿಯರ್ ಬಿಲ್ಲಿನ ಮೇಲೆ ಸಂಗೀತ ನಿಂತಿದ್ದರೆ ಆಗೋದು ಇದೇ. ಮತ್ತೆ ಪಬ್‌ಗೆ ಎಲ್ಲರೂ ಬರುವುದಿಲ್ಲ. ನಿಮ್ಮ ಕನ್ನಡ ಹಾಡನ್ನು ಮನಸ್ಸಿಟ್ಟು ಕೇಳುವ ಟೀಚರಮ್ಮ, ಪಿಯುಸಿ ಹುಡುಗಿ, ರಿಟೈರ್ ಆದ ಬ್ಯಾಂಕ್ ನೌಕರರು, ಇವರೆಲ್ಲ ಹೊರಗೇ ಉಳಿಯುತ್ತಾರೆ.

ಟಿಕೆಟ್ ತೆಗೆದುಕೊಂಡು ಕೂತು ಕೇಳುವುದು ನಮ್ಮವರಿಗೆ ಹೊಸದೇನಲ್ಲ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಅವರ ರಾಮನವಮಿ ಕಛೇರಿಗಳಿಗೆ ಜನ ಇವತ್ತಿಗೂ ಟಿಕೆಟ್ ಕೊಂಡು ಹೋಗುತ್ತಾರೆ. ಕೇಳುವವರು ಇದ್ದಾರೆ. ಅವರು ಬರುವಂಥ ಜಾಗ, ಅವರಿಗೆ ಆಗುವ ಟೈಮ್ ನೋಡಿ ಇಟ್ಟುಕೊಳ್ಳಬೇಕು ಅಷ್ಟೇ. ನಾಟಕದವರ ಕಡೆ ಹೋಗಿ ಕೇಳಿ. ನಿಮ್ಮಲ್ಲಿ ರಂಗಾಯಣದ ಭೂಮಿಗೀತ ಇದೆ, ವನರಂಗ ಇದೆ, ರಾಮಕೃಷ್ಣನಗರದಲ್ಲಿ ನಟನ ಇದೆ. ನಾಟಕ ನೋಡುವವರಿಗೆ ಟಿಕೆಟ್ ಕೊಂಡು ಸುಮ್ನೆ ಕೂತು ಕೇಳಿ ಅಭ್ಯಾಸ ಇರುತ್ತದೆ. ಟೈಮಿನ ವಿಷಯದಲ್ಲೂ ಅವರಿಂದ ಕಲಿಯಿರಿ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ಆರೂವರೆ ಅಂದರೆ ಆರೂವರೆಗೆ ಶುರು ಮಾಡಿ. ಹಾಲಿನಲ್ಲಿ ಹತ್ತೇ ಜನ ಇದ್ದರೂ ಸರಿ.

ಸೌಂಡ್ ಟೇಬಲ್ ಹಿಂದಿನವನು:

ಟಿಕೆಟ್ ವಿಷಯ ನೀವುಗಳೇ ನೋಡಿಕೊಳ್ಳಿ, ನಾನು ಸೌಂಡ್ ಬಗ್ಗೆ ಹೇಳುತ್ತೇನೆ. ಇದು ನನ್ನ ಹೊಟ್ಟೆಪಾಡಿನ ಕೆಲಸ.

ನೂರು ಜನರ ಹಾಲಿಗೆ ಗೋಡೆಯೆತ್ತರ ಸ್ಪೀಕರ್ ಬೇಡವೇ ಬೇಡ. ಸ್ಟ್ಯಾಂಡ್ ಮೇಲೆ ಎರಡು ಒಳ್ಳೆ ಸ್ಪೀಕರ್, ಹಾಡುವವರಿಗೆ ತಮ್ಮ ದನಿ ಕೇಳಿಸುವ ಒಂದೆರಡು ಮಾನಿಟರ್ ಸ್ಪೀಕರ್, ಒಂದು ಮಿಕ್ಸರ್, ಗಿಟಾರ್ ಮತ್ತು ಬೇಸ್‌ಗೆ ಡಿಐ ಬಾಕ್ಸ್ (ವಾದ್ಯವನ್ನು ನೇರ ಮಿಕ್ಸರಿಗೆ ಸೇರಿಸುವ ಸಣ್ಣ ಪೆಟ್ಟಿಗೆ), ಸಾಕು. ಬಾಡಿಗೆಗೆ ಕೊಡುವವರು ಆರ್ಕೆಸ್ಟ್ರಾ ಲೆಕ್ಕದಲ್ಲಿ ದೊಡ್ಡ ಸೆಟ್ಟೇ ತರುತ್ತೇವೆ ಅಂತಾರೆ, ಒಪ್ಪಬೇಡಿ. ಜಾಸ್ತಿ ಸೌಂಡ್ ಇಟ್ಟರೆ ಸಣ್ಣ ಹಾಲಿನಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಜನ ಮೊದಲ ಸಲ ಕೇಳುತ್ತಿರುವ ಹಾಡು ಅದು. ಸಿನಿಮಾ ಹಾಡಾದರೆ ಮಾತು ಕೇಳದಿದ್ದರೂ ಅವರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ, ನಿಮ್ಮ ಹಾಡಿಗೆ ಆ ಅನುಕೂಲ ಇಲ್ಲ. ಅದಕ್ಕೇ ಮೊದಲು ತಂಗಿಯವರ ದನಿ ಒಂದನ್ನೇ ಇಟ್ಟು, ಹಿಂದಿನ ಸಾಲಿನಲ್ಲಿ ಕೂತವರಿಗೆ ಒಂದೊಂದು ಪದವೂ ಕೇಳುತ್ತದಾ ನೋಡಿ. ಆಮೇಲೆ ಅದರ ಕೆಳಗೆ ಗಿಟಾರ್, ಬೇಸ್ ಸೇರಿಸುತ್ತಾ ಬನ್ನಿ. ದನಿ ಮುಳುಗಿದರೆ ಮೈಕ್ ಏರಿಸಬೇಡಿ, ಉಳಿದದ್ದನ್ನು ಇಳಿಸಿ.

ಮೈಕ್ ಯಾವತ್ತೂ ಸ್ಪೀಕರಿನ ಹಿಂದೆ ಇರಬೇಕು, ಇಲ್ಲದಿದ್ದರೆ ಕುಂಯ್ ಅಂತ ಕೂಗು ಶುರುವಾಗುತ್ತದೆ.

ಇನ್ನೊಂದು, ದಯವಿಟ್ಟು ಗಮನವಿಟ್ಟು ಓದಿ. ಅರ್ಥಿಂಗ್. ಹಳೇ ಹಾಲುಗಳಲ್ಲಿ ಪ್ಲಗ್ ಪಾಯಿಂಟಿನಲ್ಲಿ ಮೂರು ತೂತು ಇರುತ್ತವೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಗಿಟಾರ್ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ, ಜೀವ ಹೋಗುವಷ್ಟು ಜೋರಾಗಿಯೂ ಹೊಡೆಯಬಹುದು. ಹಾಲ್ ಬುಕ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ ಚೆಕ್ ಮಾಡಿಸಿ. ಆಂಪ್‌ನಿಂದ ಗುಂಯ್ ಅಂತ ಶಬ್ದ ಬಂದರೆ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಬಟನ್ ಇರುತ್ತದೆ, ಅದನ್ನು ಒತ್ತಿ. ಯಾರೋ ಹೇಳಿದರು ಅಂತ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕೀಳಬೇಡಿ.

ಹಕ್ಕಿನ ಲೆಕ್ಕ:

ಪರ್ಮಿಷನ್ ಬಗ್ಗೆ ಸ್ವಲ್ಪ. ಮೇಲೆ ಹೇಳಿದ 2005ರ ಆದೇಶ ಬೆಂಗಳೂರಿಗೆ ಮಾಡಿದ್ದು. ಮೈಸೂರಿನಲ್ಲಿ ಏನೇನು ಬೇಕು ಅಂತ ಹಾಲ್ ಇರುವ ಏರಿಯಾದ ಪೊಲೀಸ್ ಸ್ಟೇಷನ್ನಿಗೆ ಬರಹದಲ್ಲೇ ಅರ್ಜಿ ಕೊಟ್ಟು ಕೇಳಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಧ್ವನಿವರ್ಧಕಕ್ಕೆ ಮಾತ್ರ ದೇಶಕ್ಕೆಲ್ಲ ಒಂದೇ ನಿಯಮ, 2000ನೇ ಇಸವಿಯದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವ ಹಾಗಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಆದರೂ ಒಂಬತ್ತೂವರೆಗೆ ಮುಗಿಸಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಅಕ್ಕಪಕ್ಕದ ಮನೆಗಳಿಗೆ ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ, ಸಾಧ್ಯವಾದರೆ ಒಂದೆರಡು ಪಾಸ್ ಕೊಡಿ. ಕಂಪ್ಲೇಂಟ್ ಬರುವುದು ಅಲ್ಲಿಂದಲೇ.

ಟಿಕೆಟ್ 500 ರೂಪಾಯಿ ದಾಟದಿದ್ದರೆ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ನಿಮ್ಮದು ಹೇಗೂ ಅದರ ಒಳಗೇ ಇರುತ್ತದೆ.

ಈಗ ಹಾಡುಗಳು. ಸ್ವಂತ ಹಾಡಿನ ಹಕ್ಕನ್ನು ಯಾರಿಗೂ ಬರೆದುಕೊಟ್ಟಿಲ್ಲದಿದ್ದರೆ ಯಾರ ಅನುಮತಿಯೂ ಬೇಡ. ಸಿನಿಮಾ ಹಾಡು ನುಡಿಸಿದರೆ, ಹಾಡು ಬರೆದವರ, ರಾಗ ಕೂಡಿಸಿದವರ ಪರವಾಗಿ ಹಕ್ಕಿನ ಹಣ ವಸೂಲಿ ಮಾಡುವ ಸಂಸ್ಥೆಯಾದ ಐಪಿಆರ್‌ಎಸ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಷರೀಫರು ತೀರಿಕೊಂಡಿದ್ದು 1889ರಲ್ಲಿ, ಸಾಹಿತ್ಯಕ್ಕೆ ತೊಂದರೆ ಇಲ್ಲ. ಆದರೆ ಯಾವ ಧಾಟಿಯಲ್ಲಿ ಹಾಡುತ್ತೀರಿ? ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಧಾಟಿಗಳು ಸಿ. ಅಶ್ವತ್ಥ್ ಅವರು ಕೂಡಿಸಿದವು. ಅವರು ಹೋಗಿದ್ದು 2009ರಲ್ಲಿ. ಹಕ್ಕು ಕರ್ತೃವಿನ ನಂತರ 60 ವರ್ಷ ಇರುತ್ತದೆ. ನೀವೇ ಹೊಸದಾಗಿ ರಾಗ ಕೂಡಿಸಿದ್ದರೆ ಸರಿ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅವರ ಕವಿತೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಅದನ್ನು ಕೇಳಿಯೇ ಹಾಡಿ. ನಮ್ಮ ಹಾಡಿಗೆ ಬೆಲೆ ಕೊಡಿ ಅಂತ ಕೇಳುವವರು ನಾವು, ಬೇರೆಯವರ ಹಾಡಿಗೆ ಆ ಬೆಲೆ ಮೊದಲು ಕೊಡಬೇಕು.

ನಂಜನಗೂಡಿನ ತಮಟೆ:

ನಾನು ಬಸವನಗುಡಿಯ ಸರ್ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಇನ್ನೂರು ರೂಪಾಯಿ ಅಂದರೂ ಹಾಸ್ಟೆಲ್‌ನಲ್ಲಿರುವ ಹಳ್ಳಿ ಹುಡುಗರಿಗೆ ದೊಡ್ಡದೇ. ರಾಮನವಮಿ ಹೇಳಿದಿರಿ. ಮೈಸೂರಿನವರಿಗೆ ಒಂಟಿಕೊಪ್ಪಲು 8ನೇ ಕ್ರಾಸಿನ ಗಣಪತಿ ಸಂಗೀತೋತ್ಸವವೂ ಗೊತ್ತು. ಅಲ್ಲಿ ಪೆಂಡಾಲ್ ಕೆಳಗೆ ಕೂತು ದೊಡ್ಡ ದೊಡ್ಡ ವಿದ್ವಾಂಸರನ್ನು ಯಾರು ಬೇಕಾದರೂ ಕೇಳಬಹುದು. ಕೊಡುವ ಶಕ್ತಿ ಇದ್ದವರು ಕೊಡುತ್ತಾರೆ, ಇಲ್ಲದವರು ಕೇಳುತ್ತಾರೆ.

ಹಾಗೆ ಮಾಡಿ. ಟಿಕೆಟ್‌ಗೆ ಒಂದು ಬೆಲೆ ಬರೆಯಿರಿ, ಕೆಳಗೆ "ಆಗದಿದ್ದರೆ ಆದಷ್ಟು ಕೊಡಿ" ಅಂತಲೂ ಬರೆಯಿರಿ. ಬಾಗಿಲಲ್ಲಿ ಯಾರನ್ನೂ ವಾಪಸ್ ಕಳಿಸಬೇಡಿ.

ಇನ್ನೊಂದು ಮಾತು. ಸ್ವಂತ ಸಂಗೀತ ಅಂದರೆ ಗಿಟಾರ್, ಡ್ರಮ್ಸ್ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ಇದ್ದಾರೆ, ಮಾದೇಶ್ವರನ ಕಥೆ ಹೇಳುವ ಕಂಸಾಳೆಯವರು ಇದ್ದಾರೆ. ಯಾವ ಕಂಪನಿಯ ಹಂಗೂ ಇಲ್ಲದೆ ಊರೂರು ತಿರುಗಿ ಹಾಡಿಕೊಂಡು ಬಂದವರು. ಅವರ ಒಂದು ತಂಡವನ್ನು ಕರೆಯಿರಿ. ಆದರೆ ಉದ್ಘಾಟನೆಗೆ ಐದು ನಿಮಿಷ ಕುಣಿಸಿ, ಶಾಲು ಹೊದಿಸಿ ಕಳಿಸುವುದು ಬೇಡ. ನಿಮಗೆ ಎಷ್ಟು ಹೊತ್ತೋ ಅವರಿಗೂ ಅಷ್ಟೇ, ಎಷ್ಟು ದುಡ್ಡೋ ಅಷ್ಟೇ. ಅವರಲ್ಲಿ ತುಂಬಾ ಜನ ದಿನಗೂಲಿ ಬಿಟ್ಟು ಬರುವವರು, ಬಸ್ ಖರ್ಚು ಮುಂಚೆಯೇ ಕೊಡಿ. ನಾವು ಒಂದು ಊರಿನಲ್ಲಿ ರಾತ್ರಿ ಪೂರ್ತಿ ನುಡಿಸಿದ ಮೇಲೆ "ಚೆಕ್ ಬರುತ್ತದೆ ಹೋಗಿ" ಅಂದರು, ಆ ಚೆಕ್ ಇವತ್ತಿಗೂ ಬಂದಿಲ್ಲ. ಆ ರಾತ್ರಿ ವಾಪಸ್ ಬಂದಿದ್ದು ಸಾಲದ ದುಡ್ಡಿನಲ್ಲಿ. ಅದನ್ನು ಇನ್ನೊಬ್ಬ ಕಲಾವಿದನಿಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಕುವೆಂಪುನಗರ ಬೇಸ್:

ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡ್ರಮ್ಮರ್‌ಗೂ ಓದಿಸಿದೆ. 200 ರೂಪಾಯಿ ಟಿಕೆಟ್, ಆಗದವರು ಆದಷ್ಟು ಕೊಡಲಿ ಅಂತ ನಾಲ್ಕೂ ಜನ ಒಪ್ಪಿದ್ದೇವೆ. ನೂರು ಜನ ಪೂರ್ತಿ ಕೊಟ್ಟರೆ 20,000. ಅದರಲ್ಲಿ ಹಾಲ್, ಸೌಂಡ್ ಬಾಡಿಗೆ ಕಳೆದು ಉಳಿದದ್ದನ್ನು ತಂಡಗಳಿಗೆ ಸಮವಾಗಿ ಹಂಚುತ್ತೇವೆ, ಲೆಕ್ಕ ಬಾಗಿಲಲ್ಲೇ ಅಂಟಿಸುತ್ತೇವೆ. ಟಿಕೆಟ್ ಎಷ್ಟೇ ಹೋಗಲಿ, ಕಂಸಾಳೆ ತಂಡಕ್ಕೆ ಮಾತಾಡಿದ ದುಡ್ಡನ್ನು ನಮ್ಮ ಕೈಯಿಂದಲೇ ಮೊದಲು ಕೊಡುತ್ತೇವೆ. ಬೇಂದ್ರೆ ಕವಿತೆ ಈ ಸಲಕ್ಕೆ ಬಿಡುತ್ತೇವೆ, ಒಪ್ಪಿಗೆ ಸಿಕ್ಕ ಮೇಲೆ ಹಾಡುತ್ತೇವೆ.

ಒಂದೇ ಪ್ರಶ್ನೆ ಉಳಿದಿದೆ. ಅಷ್ಟು ಸಣ್ಣ ಹಾಲಿನಲ್ಲಿ ಪೂರ್ತಿ ಡ್ರಮ್ ಸೆಟ್ ಇಡಬಹುದಾ?

ಸೌಂಡ್ ಟೇಬಲ್ ಹಿಂದಿನವನು:

ಇಡಬಹುದು, ಆದರೆ ಮೈಕ್ ಹಾಕಬೇಡಿ. ಡ್ರಮ್ಸ್ ತನ್ನಷ್ಟಕ್ಕೇ ಆ ಹಾಲನ್ನು ತುಂಬುತ್ತದೆ, ಕಾಲಲ್ಲಿ ಬಡಿಯುವ ಕಿಕ್‌ಗೆ ಬೇಕಾದರೆ ಮಾತ್ರ ಸ್ವಲ್ಪ. ಕೆಳಗೆ ದಪ್ಪ ಜಮಖಾನ ಹಾಸಿ, ಕೋಲಿನ ಬದಲು ಬ್ರಶ್ ಅಥವಾ ಸಣ್ಣ ಕಡ್ಡಿಗಳ ಕಟ್ಟಾದ ರಾಡ್ಸ್‌ನಲ್ಲಿ ನುಡಿಸಲಿ. ತತ್ವಪದಗಳಿಗೆ ಕಹೋನ್, ಅಂದರೆ ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ, ಸಾಕು. ಡ್ರಮ್ಮರ್‌ಗೆ ಬೇಜಾರಾಗಬಹುದು, ಈಗಿನಿಂದಲೇ ಹಾಗೆ ಪ್ರಾಕ್ಟೀಸ್ ಮಾಡಿಸಿ. ಶೋ ದಿನ ಮಧ್ಯಾಹ್ನ ಮೂರಕ್ಕೆ ಸೌಂಡ್‌ಚೆಕ್ ಇಟ್ಟುಕೊಳ್ಳಿ. ಕೊನೆಗೆ ನುಡಿಸುವ ತಂಡದ್ದು ಮೊದಲು, ಮೊದಲು ನುಡಿಸುವವರದ್ದು ಕೊನೆಗೆ. ಹಾಗಿದ್ದರೆ ಆರೂವರೆಗೆ ಸ್ಟೇಜ್ ಅವರಿಗೇ ರೆಡಿ ಇರುತ್ತದೆ. ತಾರೀಖು ಗೊತ್ತಾದ ತಕ್ಷಣ ಇಲ್ಲಿ ಹಾಕಿ, ಆ ವಾರ ನನಗೆ ಕೆಲಸ ಇಲ್ಲದಿದ್ದರೆ ನಾನೇ ಬಂದು ಮಿಕ್ಸ್ ಮಾಡುತ್ತೇನೆ.