ಮಗುವಿಗೆ ಲಿವರ್ ಕಸಿ: ಮನೆಯಲ್ಲಿ ಯಾರು ಕೊಡಬಹುದು?

(ನಮ್ಮ ಕಾಸರಗೋಡು ಗುಂಪಿನಲ್ಲಿ ಈ ವಾರ ಉತ್ತರ ಕೊಡುವವರು ಮಂಜೇಶ್ವರ ಕಡೆಯವರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಅಂಗಾಂಗ ಕಸಿ ಕೋಆರ್ಡಿನೇಟರ್ ಆಗಿದ್ದಾರೆ.)

ಬದಿಯಡ್ಕ ಹತ್ತಿರದಿಂದ ಒಬ್ಬ ತಂದೆ: ಅಕ್ಕಾ, ನಮಸ್ಕಾರ. ಮಗಳಿಗೆ ಏಳು ತಿಂಗಳು. ಬಿಲಿಯರಿ ಅಟ್ರೇಸಿಯಾ, ಅಂದರೆ ಲಿವರಿನಿಂದ ಪಿತ್ತ ಇಳಿಯುವ ನಾಳ ಮುಚ್ಚಿಹೋಗುವ ಕಾಯಿಲೆ ಅಂತ ಹೇಳಿದ್ದಾರೆ. ಎರಡೂವರೆ ತಿಂಗಳಿರುವಾಗ, ಪಿತ್ತ ಇಳಿಯಲಿ ಅಂತ ಕರುಳನ್ನು ಲಿವರಿಗೆ ಜೋಡಿಸುವ ಕಸಾಯ್ ಆಪರೇಷನ್ ಆಯಿತು, ಆದರೆ ಕಾಮಾಲೆ ಇಳಿಯಲಿಲ್ಲ. ಹೊಟ್ಟೆ ಉಬ್ಬಿದೆ, ತೂಕ ಐದೂವರೆ ಕಿಲೋ. ಇನ್ನು ಲಿವರ್ ಕಸಿಯೇ ದಾರಿ ಅಂತಾರೆ. ಹೆಂಡತಿ ತಾನು ಕೊಡುತ್ತೇನೆ ಅಂತಾಳೆ. ನನ್ನ ಅಮ್ಮ ಒಪ್ಪುವುದಿಲ್ಲ, "ತಾಯಿ ಮಗು ಇಬ್ಬರೂ ಮಲಗಿದರೆ ನೋಡುವವರು ಯಾರು?" ಅಂತ. ನಾನು ಕೊಡೋಣ ಅಂದರೆ ನನ್ನದು ಅಡಿಕೆ ಕೊಯ್ಯುವ ಕೆಲಸ, ಮರ ಹತ್ತದೆ ಆಗುವುದಿಲ್ಲ. ಕೊಟ್ಟವರಿಗೆ ಮುಂದೆ ಏನಾದರೂ ಆಗುತ್ತದಾ? ಮಗಳು ಸ್ವಲ್ಪ ದೊಡ್ಡವಳಾಗುವ ತನಕ ಕಾಯಬಹುದಾ?

ಉತ್ತರ: ಕಾಯುವ ವಿಷಯ ಮೊದಲು ಹೇಳುತ್ತೇನೆ ತಮ್ಮಾ, ಉಳಿದದ್ದಕ್ಕಿಂತ ಅದೇ ಅವಸರದ್ದು. ಕಸಾಯ್ ಆದ ಮೇಲೂ ಕಾಮಾಲೆ ಇಳಿಯದೆ, ಹೊಟ್ಟೆಯಲ್ಲಿ ನೀರು ತುಂಬುತ್ತಿದೆ ಅಂದರೆ ಮಗು ದೊಡ್ಡದಾಗಲಿ ಅಂತ ಕಾದು ಪ್ರಯೋಜನ ಇಲ್ಲ. ಲಿವರ್ ಕೆಟ್ಟಾಗ ಮೈ ಹಿಡಿಯುವುದೇ ಇಲ್ಲ. ತಿಂದದ್ದರಲ್ಲಿರುವ ಕೊಬ್ಬು ಜೀರ್ಣವಾಗಲು ಪಿತ್ತ ಬೇಕು, ಆ ಪಿತ್ತವೇ ಕರುಳಿಗೆ ಇಳಿಯುತ್ತಿಲ್ಲ. ಡಾಕ್ಟರು ಎ, ಡಿ, ಇ, ಕೆ ವಿಟಮಿನ್ ಬರೆದಿರುತ್ತಾರೆ, ಅದನ್ನು ಬಿಡಬೇಡಿ. ಊಟಕ್ಕೆ ತೆಂಗಿನೆಣ್ಣೆ ಹಾಕಿ ಅಂದಿದ್ದರೆ ಅದೂ ಸುಮ್ನೆ ಹೇಳಿದ್ದಲ್ಲ. ಅದರಲ್ಲಿರುವ ಕೊಬ್ಬಿನಲ್ಲಿ ಒಂದು ಪಾಲು ಪಿತ್ತ ಇಲ್ಲದೆಯೂ ಮೈಗೆ ಸೇರುತ್ತದೆ. ಆಪರೇಷನ್ ತನಕ ತೂಕ ಇಳಿಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ.

ಇನ್ನು ಕೊಡುವವರ ಮಾತು. ಇಡೀ ಲಿವರ್ ತೆಗೆಯುತ್ತಾರೆ ಅಂತ ನಿಮ್ಮ ಅಮ್ಮನಿಗೆ ಅನಿಸಿರಬಹುದು. ಸಣ್ಣ ಮಗುವಿಗೆ ಸಾಮಾನ್ಯವಾಗಿ ಬೇಕಾಗುವುದು ಎಡಗಡೆಯ ಅಂಚಿನ ಭಾಗ ಮಾತ್ರ, ದೊಡ್ಡವರ ಲಿವರಿನಲ್ಲಿ ಸುಮಾರು ಕಾಲು ಪಾಲು. ನಿಮ್ಮ ಮಗಳ ತೂಕಕ್ಕೆ ಆ ತುಂಡೂ ದೊಡ್ಡದಾಗಬಹುದು. ಹಾಗಿದ್ದರೆ ಸರ್ಜನ್ ಅದನ್ನು ಇನ್ನೂ ಸಣ್ಣದು ಮಾಡಿ ಜೋಡಿಸುತ್ತಾರೆ. ಕೊಟ್ಟವರಲ್ಲಿ ಉಳಿದ ಲಿವರ್ ಕೆಲವೇ ವಾರಗಳಲ್ಲಿ ಬೆಳೆದು ಬೇಕಾದಷ್ಟು ಗಾತ್ರಕ್ಕೆ ಬರುತ್ತದೆ. ಅವರಿಗೆ ಜೀವನಪೂರ್ತಿ ಮಾತ್ರೆ ಬೇಡ.

ಅಪಾಯ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಡ ಅಂಚಿನ ಭಾಗ ಕೊಟ್ಟವರಲ್ಲಿ ಪ್ರಾಣಾಪಾಯ ಸಾವಿರದಲ್ಲಿ ಒಬ್ಬರಿಗೆ ಅಂತ ಲೆಕ್ಕ ಹೇಳುತ್ತಾರೆ. ದೊಡ್ಡವರಿಗಾಗಿ ಬಲಭಾಗ ಕೊಡುವಾಗ ಅದು ಇದಕ್ಕಿಂತ ಜಾಸ್ತಿ. ಪಿತ್ತ ಸೋರುವುದು, ಸೋಂಕು, ಗಾಯದ ಜಾಗದಲ್ಲಿ ಹರ್ನಿಯಾ, ಇವೂ ಆಗುವುದುಂಟು. ಆಸ್ಪತ್ರೆಯಿಂದ ಒಂದು ವಾರದ ಆಸುಪಾಸಿನಲ್ಲಿ ಮನೆಗೆ ಬಿಡುತ್ತಾರೆ, ಆದರೆ ಭಾರದ ಕೆಲಸ ಎರಡು ಮೂರು ತಿಂಗಳು ಬೇಡ. ಹಾಗಾಗಿ ನೀವು ಕೊಟ್ಟರೆ ಆ ವರ್ಷದ ಒಂದೆರಡು ಕೊಯ್ಲು ತಪ್ಪಬಹುದು, ಮರ ಹತ್ತುವುದು ಶಾಶ್ವತವಾಗಿ ನಿಲ್ಲುವುದಿಲ್ಲ. ಹೆಂಡತಿ ಕೊಟ್ಟರೆ ಮುಂದಿನ ಬಸಿರಿಗೂ ತೊಂದರೆ ಇಲ್ಲ, ಸುಮಾರು ಒಂದು ವರ್ಷ ಬಿಟ್ಟು ಅಂತ ಡಾಕ್ಟರು ಹೇಳುತ್ತಾರೆ.

ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತದ ಗುಂಪು, ಸಿಟಿ ಸ್ಕ್ಯಾನ್, ಎಂಆರ್‌ಐ, ಹೃದಯ, ಎಲ್ಲ ನೋಡಿದ ಮೇಲೆ ಯಾರು ಅಂತ ತಾನಾಗಿ ಗೊತ್ತಾಗುತ್ತದೆ. ಮನೆಯ ಜಗಲಿಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಒಂದು ಮಾತು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಹೆಂಡತಿ ಕೊಡುತ್ತೇನೆ ಅಂದದ್ದು ಅವರ ಸ್ವಂತ ಇಚ್ಛೆಯಿಂದ ತಾನೇ? ನಮ್ಮ ಕಡೆ ತಾಯಿ ಅಂದ ಮೇಲೆ ಕೊಡಲೇಬೇಕು ಅಂತ ಎಲ್ಲರೂ ಹೇಳದೆಯೇ ಹೇಳಿಬಿಡುತ್ತಾರೆ. ದಾನಿ ಹೆಂಗಸಾದರೆ ಅವರ ಸ್ವತಂತ್ರ ಒಪ್ಪಿಗೆಯನ್ನು ಹೆಚ್ಚು ಎಚ್ಚರಿಕೆಯಿಂದ ಖಾತ್ರಿ ಮಾಡಬೇಕು ಅಂತ 2014ರ ಅಂಗಾಂಗ ಕಸಿ ನಿಯಮದಲ್ಲೇ ಇದೆ. ನಾವು ಅವರನ್ನು ಒಬ್ಬರೇ ಕೂರಿಸಿ ಕೇಳುತ್ತೇವೆ. ಬೇಡ ಅಂದರೆ "ಇವರು ಹೊಂದುವುದಿಲ್ಲ" ಅಂತ ಮಾತ್ರ ಮನೆಯವರಿಗೆ ಹೇಳುತ್ತೇವೆ, ಕಾರಣ ಹೊರಗೆ ಬರುವುದಿಲ್ಲ. ಥಿಯೇಟರಿನ ಬಾಗಿಲ ತನಕ ಬಂದು ಮನಸ್ಸು ಬದಲಿಸಿದರೂ ಸರಿ.

ಅದೇ ತಂದೆ: ಇಲ್ಲಕ್ಕಾ, ಅವಳೇ ಹಠ ಹಿಡಿದು ಕೂತಿದ್ದಾಳೆ. ನನಗೆ ಫ್ಯಾಟಿ ಲಿವರ್ ಇದೆ ಅಂತ ಹಿಂದೊಮ್ಮೆ ಸ್ಕ್ಯಾನಿನಲ್ಲಿ ಬಂದಿತ್ತು. ಹಾಗಾದರೆ ನಾನು ಲೆಕ್ಕಕ್ಕಿಲ್ವಾ?

ಉತ್ತರ: ಇದ್ದೀರಿ. ಸ್ವಲ್ಪ ಕೊಬ್ಬು ಇದ್ದರೆ ಊಟ ಹಿಡಿತದಲ್ಲಿಟ್ಟು ತೂಕ ಇಳಿಸಿದರೆ ಕೆಲವು ವಾರಗಳಲ್ಲೇ ಕಡಿಮೆಯಾಗುತ್ತದೆ. ಇವತ್ತಿನಿಂದಲೇ ಶುರು ಮಾಡಿ. ಕುಡಿಯುವ ಅಭ್ಯಾಸ ಇದ್ದರೆ ಅದು ಇವತ್ತೇ ನಿಲ್ಲಬೇಕು, ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಪೆರ್ಲದಿಂದ ಒಬ್ಬ ತಾಯಿ: ಅಕ್ಕಾ ಇದನ್ನು ಓದಿ ಹೆದರಿಕೆ ಆಯಿತು. ನನ್ನ ಪಾಪುವಿಗೆ ಮೂರು ವಾರ. ಕಣ್ಣು ಇನ್ನೂ ಹಳದಿ ಇದೆ. ಅತ್ತೆ ನೆಲನೆಲ್ಲಿ ಅರೆದು ಕೊಡೋಣ, ಬೆಳಗ್ಗಿನ ಬಿಸಿಲಿಗೆ ಹಿಡಿದರೆ ಸಾಕು ಅಂತಾರೆ.

ಉತ್ತರ: ತಂಗೀ, ಕಕ್ಕದ ಬಣ್ಣ ಹೇಗಿದೆ ನೋಡು. ಹಳದಿಯೋ ಹಸಿರೋ ಇದ್ದರೆ ಸಾಮಾನ್ಯವಾಗಿ ಹೆದರುವುದು ಬೇಡ. ಬಿಳಿ ಅಥವಾ ಸುಣ್ಣ ಕಲಸಿದ ಮಣ್ಣಿನ ಬಣ್ಣ ಇದ್ದು, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಮಾಡುತ್ತಿದ್ದರೆ ನಾಳೆಗೆ ಇಡಬೇಡ. ಬಣ್ಣ ಹೇಗೇ ಇರಲಿ, ಎರಡು ವಾರ ದಾಟಿಯೂ ಕಾಮಾಲೆ ಇದ್ದರೆ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಬಣ್ಣ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಪರೀಕ್ಷೆ ಮಾಡಿಸಬೇಕು. ಬರೇ ಒಟ್ಟು ಲೆಕ್ಕ ಸಾಲದು, ಡೈರೆಕ್ಟ್ ಬಿಲಿರುಬಿನ್ (ಕರುಳಿಗೆ ಇಳಿಯದೆ ಲಿವರಿನಿಂದ ರಕ್ತಕ್ಕೆ ಮರಳಿದ ಪಾಲು) ಎಷ್ಟು ಅಂತ ಬೇರೆಯಾಗಿ ಬರಬೇಕು. ಆ ಸಂಖ್ಯೆ ಜಾಸ್ತಿ ಇದ್ದರೆ ಬಿಸಿಲಿಗೂ ಬಗ್ಗುವುದಿಲ್ಲ, ನೆಲನೆಲ್ಲಿಗೂ ಬಗ್ಗುವುದಿಲ್ಲ. ಕಸಾಯ್ ಆಪರೇಷನ್ 60 ದಿನದ ಒಳಗೆ ಆದರೆ ಫಲ ಕೊಡುವ ಸಾಧ್ಯತೆ ಜಾಸ್ತಿ. ಕಾಮಾಲೆಗೆ ಮದ್ದು ಕೊಡುವವರ ಹತ್ತಿರ ಅಲೆದು ಆ ದಿನಗಳನ್ನೇ ಕಳೆಯುವವರನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ. ಅತ್ತೆಗೆ ಇದನ್ನೇ ಓದಿ ಹೇಳು. ಪರೀಕ್ಷೆ ಆದ ಮೇಲೆ ನನಗೊಂದು ಮೆಸೇಜ್ ಹಾಕು.

ಕುಂಬಳೆಯಿಂದ: ಮೇಡಂ, ನಾನು ಮಗುವಿನ ಸೋದರಮಾವ ಅಂತಿಟ್ಟುಕೊಳ್ಳಿ. ಅಪ್ಪ ಅಮ್ಮನದು ಹೊಂದದಿದ್ದರೆ ನಾನು ಕೊಡಬಹುದಾ? ಅಜ್ಜಿ?

ಉತ್ತರ: ಕೊಡಬಹುದು, ಆದರೆ ದಾರಿ ಬೇರೆ. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಸಂಬಂಧಿಕರು ಅಂತ ಒಂದು ಪಟ್ಟಿ ಮಾಡಿದೆ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು ಇದ್ದರು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿದರು. ನಮ್ಮಲ್ಲಿ ಸೋದರಮಾವನಿಗೆ ಎಷ್ಟೇ ಸ್ಥಾನ ಇದ್ದರೂ ಕಾಯ್ದೆಯ ಪಟ್ಟಿಯಲ್ಲಿ ಅವನಿಲ್ಲ. ಅವನು ಕೊಡಬೇಕಾದರೆ, ಪಟ್ಟಿಯ ಹೊರಗಿನವರ ದಾನಕ್ಕೆ ಅನುಮತಿ ಕೊಡುವ ಆಥರೈಸೇಷನ್ ಕಮಿಟಿಯ ಮುಂದೆ ಹೋಗಿ, ಹಣಕ್ಕಾಗಿ ಅಲ್ಲ, ಪ್ರೀತಿಯಿಂದ ಅಂತ ಮನವರಿಕೆ ಮಾಡಬೇಕು. ಸಮಯ ಹಿಡಿಯುತ್ತದೆ. ಅಜ್ಜಿಗೆ ಕಾನೂನಿನ ಅಡ್ಡಿ ಇಲ್ಲ, ವಯಸ್ಸಿನದು ಇದೆ. ಐವತ್ತು ಐವತ್ತೈದು ದಾಟಿದವರನ್ನು ಹೆಚ್ಚಿನ ಕಡೆ ತೆಗೆದುಕೊಳ್ಳುವುದಿಲ್ಲ. 18 ತುಂಬದ ಅಣ್ಣ ಅಕ್ಕಂದಿರದು ಬೇಡವೇ ಬೇಡ.

ರಕ್ತದ ಗುಂಪು ಹೊಂದದಿದ್ದರೂ ತಕ್ಷಣ ಕೈಬಿಡಬೇಡಿ. ಒಂದೆರಡು ವರ್ಷದೊಳಗಿನ ಮಕ್ಕಳ ಮೈಯಲ್ಲಿ ಬೇರೆ ಗುಂಪಿನ ವಿರುದ್ಧದ ಪ್ರತಿಕಾಯ ಕಡಿಮೆ ಇರುತ್ತದೆ. ಆ ವಯಸ್ಸಿನಲ್ಲಿ ಹೊಂದದ ಗುಂಪಿನಿಂದಲೂ ಕಸಿ ಮಾಡುತ್ತಾರೆ.

ಉಪ್ಪಳದಿಂದ: ಹಣ ಕೊಟ್ಟರೆ ಕೊಡುವವರು ಸಿಗುತ್ತಾರೆ ಅಂತ ಕೇಳಿದ್ದೇನೆ. ಮನೆಯವರಿಗೇಕೆ ಕಷ್ಟ?

ಉತ್ತರ: ಜೈಲು ಐದರಿಂದ ಹತ್ತು ವರ್ಷ, ದಂಡ 20 ಲಕ್ಷದಿಂದ ಒಂದು ಕೋಟಿ. ಈ ಮಾತು ಇಲ್ಲಿಗೇ ಸಾಕು ಮಾರಾಯ್ರೆ.

ಮುಳ್ಳೇರಿಯದಿಂದ ಒಬ್ಬ ತಾಯಿ: ನಮ್ಮ ಮಗನಿಗೆ ಕಸಿ ಆಗಿ ಎರಡು ವರ್ಷ. ಶಾಲೆಗೆ ಹೋಗುತ್ತಾನೆ, ಓಡಾಡುತ್ತಾನೆ, ದೇವರ ದಯೆ. ತೋಟದಲ್ಲಿ ಚಕ್ಕೋತ ತುಂಬಾ ಆಗಿದೆ. ಕೊಡಬಹುದಾ ಅಕ್ಕಾ?

ಉತ್ತರ: ಬೇಡ. ಒಳ್ಳೆ ಪ್ರಶ್ನೆ ಕೇಳಿದೆ. ಚಕ್ಕೋತ ತಿಂದರೆ, ಹೊಸ ಲಿವರನ್ನು ಮೈ ತಳ್ಳದ ಹಾಗೆ ಕೊಡುವ ಟ್ಯಾಕ್ರೋಲಿಮಸ್ ಮದ್ದಿನ ಮಟ್ಟ ರಕ್ತದಲ್ಲಿ ಏರಿ ಕಿಡ್ನಿಗೆ ಪೆಟ್ಟಾಗಬಹುದು. ಗ್ರೇಪ್‌ಫ್ರೂಟ್ ಬೇಡ ಅಂತ ಚೀಟಿಯಲ್ಲಿ ಬರೆದಿರುತ್ತಾರೆ, ಇದೂ ಅದರ ಜಾತಿಯದ್ದೇ. ಕಷಾಯ, ನಾಟಿ ಮದ್ದು ಕೂಡ ಕೇಳದೆ ಕೊಡಬೇಡ. ಟ್ಯಾಕ್ರೋಲಿಮಸ್ ಹನ್ನೆರಡು ಗಂಟೆಗೊಮ್ಮೆ, ಮದುವೆ ಮನೆಗೆ ಹೋದರೂ ತಪ್ಪಬಾರದು. ಹುಷಾರಾಗಿದ್ದಾನಲ್ಲ ಅಂತ ನಿಲ್ಲಿಸಿದರೆ ಹೊಸ ಲಿವರನ್ನು ಮೈ ಒಪ್ಪದೆ ಹೋಗುತ್ತದೆ. ಆರಾಮಾಗಿರುವ ಮಕ್ಕಳ ಮನೆಯಲ್ಲೇ ಈ ಉದಾಸೀನ ಜಾಸ್ತಿ.

ಬದಿಯಡ್ಕದ ತಮ್ಮನಿಗೂ ಇದರಲ್ಲೇ ಒಂದು ವಿಷಯ: ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ಜೀವಂತ ವೈರಸ್ ಇರುತ್ತದೆ. ಕಸಿ ಆದ ಮೇಲೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ವಯಸ್ಸಿಗೆ ಆಗುವುದಿದ್ದರೆ ಆಪರೇಷನ್‌ಗೆ ನಾಲ್ಕು ವಾರ ಮೊದಲೇ ಮುಗಿಸಬೇಕು. ಮಕ್ಕಳ ಡಾಕ್ಟರ ಹತ್ತಿರ ಈ ವಾರವೇ ಕೇಳಿ.

ಅದೇ ತಂದೆ: ಕೇಳುತ್ತೇನೆ ಅಕ್ಕಾ. ಅಮ್ಮನಿಗೂ ಓದಿ ಹೇಳಿದೆ. "ಹೀಗೆ ಮಾಡಿಸಿಕೊಂಡು ಬದುಕಿದ ಮಕ್ಕಳು ಇದ್ದಾರಾ?" ಅಂತ ಕೇಳುತ್ತಾರೆ. ಇನ್ನೊಂದು, ಹಣ.

ಉತ್ತರ: ಇದ್ದಾರೆ ಅಂತ ಹೇಳಿ. ನಮ್ಮ ದೇಶದಲ್ಲಿ ಮಗುವಿಗೆ ಮೊದಲ ಸಲ ಯಶಸ್ವಿಯಾಗಿ ಲಿವರ್ ಕಸಿ ಆದದ್ದು 1998ರ ನವೆಂಬರಿನಲ್ಲಿ, ದೆಹಲಿಯ ಅಪೋಲೋದಲ್ಲಿ. ತಮಿಳುನಾಡಿನ ಕಾಂಚೀಪುರದ ಮಗು. ನಿಮ್ಮ ಮಗಳದ್ದೇ ಕಾಯಿಲೆ. ಕೊಟ್ಟದ್ದು ಅಪ್ಪ. ಆ ಮಗು ಬೆಳೆದು ಈಗ ಡಾಕ್ಟರ್. ಒಳ್ಳೆಯ ಕೇಂದ್ರಗಳಲ್ಲಿ ಈಗ ನೂರರಲ್ಲಿ ತೊಂಬತ್ತು ಮಕ್ಕಳಾದರೂ ಮೊದಲ ವರ್ಷ ದಾಟುತ್ತಾರೆ. ಬಿಲಿಯರಿ ಅಟ್ರೇಸಿಯಾ ಹೊಸ ಲಿವರಿಗೆ ಮರಳಿ ಬರುವುದಿಲ್ಲ.

ಹಣ ಖಾಸಗಿಯಲ್ಲಿ ಹತ್ತು ಲಕ್ಷ ದಾಟುತ್ತದೆ. ಕೇರಳ ಸರ್ಕಾರದ ಕೋಟ್ಟಯಂ ಮೆಡಿಕಲ್ ಕಾಲೇಜಿನಲ್ಲಿ 2022ರಿಂದ ಲಿವರ್ ಕಸಿ ಇದೆ, ಅಲ್ಲಿಯೂ ವಿಚಾರಿಸಿ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಆಪರೇಷನ್‌ಗೆ ಮೊದಲೇ ಅರ್ಜಿ ಹಾಕಬೇಕು, ಖರ್ಚಾದ ಮೇಲೆ ಬಿಲ್ ತೋರಿಸಿದರೆ ಕೊಡುವುದಿಲ್ಲ. ಕೊಚ್ಚಿಗೋ ಬೆಂಗಳೂರಿಗೋ ಹೋಗುವುದಾದರೆ ಬಿಡುಗಡೆ ಆದ ಮೇಲೂ ಎರಡು ಮೂರು ತಿಂಗಳು ಆಸ್ಪತ್ರೆ ಹತ್ತಿರವೇ ರೂಮ್ ಮಾಡಿಕೊಂಡಿರಬೇಕಾಗುತ್ತದೆ. ಆ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸುವುದನ್ನೇ ಎಲ್ಲರೂ ಮರೆಯುತ್ತಾರೆ.

ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟ್, ಮೂವರ ಆಧಾರ್, ರೇಷನ್ ಕಾರ್ಡ್ ಇರಲಿ. ಹೆಸರಿನ ಅಕ್ಷರ ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ಈಗಲೇ ಸರಿಮಾಡಿಸಿ, ಮಲಯಾಳದಲ್ಲಿ ಬರೆಯುವಾಗ ನಮ್ಮ ಹೆಸರುಗಳು ಎಷ್ಟು ತಿರುಗುತ್ತವೆ ಅಂತ ನಿಮಗೇ ಗೊತ್ತಲ್ವಾ. ಒಪ್ಪಿಗೆ ಪತ್ರ ಅರ್ಥವಾಗದಿದ್ದರೆ ಕನ್ನಡ ಬಲ್ಲವರನ್ನು ಕರೆಸಿ ಓದಿಸಿಕೊಂಡೇ ಸಹಿ ಮಾಡಿ. ಹೆಂಡತಿಯೂ ಹಾಗೇ, ಬೇರೆಯಾಗಿ ಕೂತು. ಕಸಾಯ್ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಮತ್ತು ಕೊನೆಯ ರಕ್ತ ಪರೀಕ್ಷೆಯ ಫೋಟೋ ಇವತ್ತು ರಾತ್ರಿ ನನಗೆ ಖಾಸಗಿಯಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ.